ಘಟ್ಟ ಹತ್ತಿಳಿಯುವ ಕಾರಿನ ಕ್ಲಚ್, ಗೇರ್‌ಬಾಕ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಗ್ಯಾರೇಜ್ ಇರುವುದು ಶಿರಸಿಯಲ್ಲಿ. ಸಮುದ್ರ ಮಟ್ಟದಿಂದ ಸುಮಾರು 590 ಮೀಟರ್ ಎತ್ತರದ ಊರು. ಇಲ್ಲಿಂದ ಸುಮಾರು 60 ಕಿಲೋಮೀಟರ್ ಹೋದರೆ ಕುಮಟಾ, ಅಲ್ಲಿಗೆ ಸಮುದ್ರವೇ ಬಂತು. ಅಷ್ಟೂ ಎತ್ತರವನ್ನು ನಮ್ಮ ಕಾರುಗಳು ಬೆಳಿಗ್ಗೆ ದೇವಿಮನೆ ಘಟ್ಟದಲ್ಲಿ ಇಳಿದು, ಸಂಜೆ ಹತ್ತಿ ಬರುತ್ತವೆ. ಯಲ್ಲಾಪುರದವರಿಗೆ ಅರಬೈಲ್ ಘಟ್ಟ, ಜೋಯಿಡಾದವರಿಗೆ ಅಣಶಿ. ಹೀಗಾಗಿ ಕ್ಲಚ್, ಗೇರ್‌ಬಾಕ್ಸ್ ವಿಷಯ ಕೇಳಿಕೊಂಡು ಬರುವವರು ದಿನಾ ಇರುತ್ತಾರೆ. ಬಂದವರು ಹೇಳುವುದು ಹೆಚ್ಚಾಗಿ ಒಂದೇ ಮಾತು: "ಗಾಡಿ ಏನೋ ಸದ್ದು ಮಾಡ್ತದೆ." ನಾನು ಮೊದಲು ಕೇಳುವುದೂ ಒಂದೇ ಮಾತು: "ಯಾವಾಗ?"

ಅದಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಗೇರ್‌ಬಾಕ್ಸ್ ಒಮ್ಮೆಲೇ ಕೈಕೊಡುವುದು ಅಪರೂಪ. ತಿಂಗಳುಗಟ್ಟಲೆ ಮೊದಲೇ ಅದು ಹೇಳಿರುತ್ತದೆ, ನಾವು ಕೇಳಿಸಿಕೊಂಡಿರುವುದಿಲ್ಲ.

ತೊಂದರೆ ಕ್ಲಚ್ಚಿನದೋ, ಗೇರ್‌ಬಾಕ್ಸಿನದೋ ಅಂತ ಮನೆಯಲ್ಲೇ ತಿಳಿಯಬಹುದಾ?

ಬಹಳ ಮಟ್ಟಿಗೆ ತಿಳಿಯಬಹುದು. ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಎಂಜಿನ್ ಚಾಲೂ ಮಾಡಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಕ್ಲಚ್ ಮೇಲೆ ಕಾಲು ಬೇಡ. ಎಸಿ, ರೇಡಿಯೊ ಬಂದ್ ಮಾಡಿ, ಗಾಜು ಇಳಿಸಿ ಸುಮ್ನೆ ಕೇಳಿ. ಆಮೇಲೆ ಕ್ಲಚ್ ಪೂರ್ತಿ ಒತ್ತಿ ಮತ್ತೆ ಕೇಳಿ.

ಒತ್ತಿದ ಕೂಡಲೇ ಶುರುವಾಗುವ ಕಿರ್ರೆನ್ನುವ ಸದ್ದು ರಿಲೀಸ್ ಬೇರಿಂಗಿನದು, ಅಂದರೆ ಪೆಡಲ್ ಒತ್ತಿದಾಗ ಕ್ಲಚ್ಚನ್ನು ಬಿಡಿಸುವ ಬೇರಿಂಗಿನದು. ಅದು ಕ್ಲಚ್ ಕಡೆಯ ಕೆಲಸ. ಕಾಲು ತೆಗೆದಾಗ ಗೊರಗೊರ ಅಂದು, ಒತ್ತಿದಾಗ ನಿಂತುಬಿಟ್ಟರೆ ಹೆಚ್ಚಾಗಿ ಗೇರ್‌ಬಾಕ್ಸ್ ಒಳಗಿನ ಇನ್‌ಪುಟ್ ಶಾಫ್ಟ್ (ಎಂಜಿನ್ ಶಕ್ತಿ ಒಳಗೆ ಬರುವ ದಂಡ) ಬೇರಿಂಗ್ ಸವೆದಿದೆ. ಕ್ಲಚ್ ಒತ್ತಿದಾಗ ಆ ಶಾಫ್ಟ್ ತಿರುಗುವುದು ನಿಲ್ಲುತ್ತದೆ, ಅದಕ್ಕೇ ಸದ್ದೂ ನಿಲ್ಲುತ್ತದೆ.

ಇನ್ನು ಓಡಿಸುವಾಗಿನ ಸದ್ದು. ಒಂದೇ ಗೇರಿನಲ್ಲಿ ಮಾತ್ರ ಬಂದರೆ ಆ ಗೇರಿನ ಹಲ್ಲು ನೋಡಬೇಕು. ಎಲ್ಲ ಗೇರಿನಲ್ಲೂ ಬಂದು, ವೇಗ ಏರಿದ ಹಾಗೆ ಏರಿ, ಕ್ಲಚ್ ಒತ್ತಿದರೂ ನಿಲ್ಲದಿದ್ದರೆ ಗೇರ್‌ಬಾಕ್ಸನ್ನೇ ಬೈಯಬೇಡಿ. ವೀಲ್ ಬೇರಿಂಗ್ ಇರಬಹುದು, ಸವೆದ ಟಯರೂ ಇರಬಹುದು. ಗೇರ್‌ಬಾಕ್ಸ್ ಹೋಗಿದೆ ಅಂತ ಹೆದರಿ ಬಂದವರನ್ನು ಬರೀ ವೀಲ್ ಬೇರಿಂಗ್ ಹಾಕಿ ಕಳಿಸಿದ್ದು ಎಷ್ಟೋ ಸಲ.

ಗೇರ್ ಬೀಳುವಾಗ ಕರ್ರ್ ಅನ್ನುತ್ತದೆ. ಯಾಕೆ?

ಯಾವ ಗೇರಿಗೆ ಅನ್ನುವುದು ಮುಖ್ಯ. ಎಲ್ಲ ಗೇರಿಗೂ ಅಂದರೆ ಕ್ಲಚ್ ಪೂರ್ತಿ ಬಿಡಿಸಿಕೊಳ್ಳುತ್ತಿಲ್ಲ. ಕೇಬಲ್ ಸಡಿಲವಾಗಿರಬಹುದು, ಹೈಡ್ರಾಲಿಕ್ ಕ್ಲಚ್ (ಕೇಬಲ್ ಬದಲು ದ್ರವದ ಒತ್ತಡದಿಂದ ನಡೆಯುವುದು) ಆದರೆ ಫ್ಲೂಯಿಡ್ ಕಡಿಮೆಯಾಗಿ ಗಾಳಿ ಸೇರಿರಬಹುದು. ಇದು ಸಣ್ಣ ಕೆಲಸ, ತಡ ಮಾಡಿದರೆ ದೊಡ್ಡದಾಗುತ್ತದೆ.

ಎರಡನೇ ಗೇರಿಗೆ ಮಾತ್ರ ಅಂದರೆ ಸಿಂಕ್ರೊ ರಿಂಗ್. ಎರಡು ಬೇರೆ ಬೇರೆ ವೇಗದಲ್ಲಿ ತಿರುಗುವ ಗೇರುಗಳನ್ನು ಒಂದೇ ವೇಗಕ್ಕೆ ತಂದು ಸೇರಿಸುವ ಉಂಗುರ ಅದು. ಹೆಚ್ಚಾಗಿ ಹಿತ್ತಾಳೆಯದ್ದು. ನಮ್ಮ ಕಡೆ ಎರಡನೇ ಗೇರಿಗೆ ಕೆಲಸ ಜಾಸ್ತಿ. ಘಟ್ಟದ ಪ್ರತಿ ತಿರುವಿನಲ್ಲಿ ಮೂರರಿಂದ ಎರಡಕ್ಕೆ ಎಳೆಯುತ್ತೇವೆ, ಅಲ್ವಾ? ಅವಸರದಲ್ಲಿ ಎಳೆದಷ್ಟೂ ಆ ಉಂಗುರ ತೇಯುತ್ತದೆ. ಲಿವರನ್ನು ಒಂದು ಕ್ಷಣ ನ್ಯೂಟ್ರಲ್‌ನಲ್ಲಿ ತಡೆದು, ಮೆತ್ತಗೆ ಒಳಗೆ ಕಳಿಸಿ. ಸುಮಾರು ವರ್ಷ ಜಾಸ್ತಿ ಬಾಳುತ್ತದೆ.

ರಿವರ್ಸಿಗೆ ಮಾತ್ರ ಅಂದರೆ ಹೆದರಬೇಡಿ. ಬಹಳಷ್ಟು ಕಾರುಗಳಲ್ಲಿ ರಿವರ್ಸಿಗೆ ಸಿಂಕ್ರೊ ಇರುವುದೇ ಇಲ್ಲ. ಕಾರು ಪೂರ್ತಿ ನಿಲ್ಲಲಿ, ಕ್ಲಚ್ ಒತ್ತಿ ಎರಡು ಮೂರು ಸೆಕೆಂಡ್ ಬಿಟ್ಟು ಹಾಕಿ. ಆಗಲೂ ಕರ್ರ್ ಅಂದರೆ ತೋರಿಸಿ.

ಕ್ಲಚ್ ಪ್ಲೇಟ್ ಸವೆದಿದೆ ಅಂತ ಹೇಗೆ ಗೊತ್ತಾಗುತ್ತದೆ?

ಎಂಜಿನ್ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ತಟ್ಟೆ ಅದು. ಸವೆದದ್ದು ಏರಿನಲ್ಲಿ ಗೊತ್ತಾಗುತ್ತದೆ. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಶುರುವಿನಲ್ಲಿ ಇದು ನಾಲ್ಕನೇ, ಐದನೇ ಗೇರಿನಲ್ಲಿ ಓವರ್‌ಟೇಕ್ ಮಾಡುವಾಗ ಮಾತ್ರ ಆಗುತ್ತದೆ. ಆಗಲೇ ಗಮನಿಸಬೇಕು.

ಪರೀಕ್ಷೆ ಹೀಗೆ ಮಾಡಿ. ಸಮತಟ್ಟು ಜಾಗ, ಮುಂದೆ ಯಾರೂ ಇರಬಾರದು. ಹ್ಯಾಂಡ್‌ಬ್ರೇಕ್ ಬಿಗಿ, ಬಲಗಾಲು ಬ್ರೇಕಿನ ಮೇಲೆ. ಮೂರನೇ ಗೇರ್ ಹಾಕಿ ಕ್ಲಚ್ ನಿಧಾನ ಬಿಡಿ. ಪ್ಲೇಟ್ ಚೆನ್ನಾಗಿದ್ದರೆ ಎಂಜಿನ್ ತಟ್ಟನೆ ಬಂದ್ ಬೀಳುತ್ತದೆ. ಬಂದ್ ಬೀಳದೆ ಓಡುತ್ತಲೇ ಇದ್ದರೆ ಪ್ಲೇಟ್ ಹಿಡಿಯುತ್ತಿಲ್ಲ ಅಂತ ಅರ್ಥ. ಒಂದೇ ಸಲ ಸಾಕು. ಮತ್ತೆ ಮತ್ತೆ ಮಾಡಿ ನೋಡಿದರೆ ಉಳಿದ ಪ್ಲೇಟೂ ಸುಟ್ಟುಹೋಗುತ್ತದೆ.

ಒಬ್ಬರ ಕ್ಲಚ್ ಲಕ್ಷ ಕಿಲೋಮೀಟರ್ ಬರುತ್ತದೆ, ನಮ್ಮದು ಯಾಕೆ 30,000ಕ್ಕೇ ಹೋಗುತ್ತದೆ?

ಅದೇ ಕಾರು, ಅದೇ ರಸ್ತೆ ಇರಬಹುದು. ವ್ಯತ್ಯಾಸ ಇರುವುದು ಎಡಗಾಲಿನಲ್ಲಿ.

ನಮ್ಮ ಊರುಮನೆಗಳ ದಾರಿ ನೆನಪಿಸಿಕೊಳ್ಳಿ. ಟಾರು ರಸ್ತೆಯಿಂದ ಮನೆಗೆ ಕೆಂಪು ಮಣ್ಣಿನ ಏರು. ಏರಿನ ಮಧ್ಯದಲ್ಲಿ ದಣಪೆ, ಅಂದರೆ ಅಡ್ಡ ಗಳ ಸರಿಸಿ ತೆಗೆಯುವ ಬೇಲಿ ಬಾಗಿಲು. ಯಾರೋ ಇಳಿದು ಹೋಗಿ ದಣಪೆ ತೆಗೆಯುವವರೆಗೆ ಕಾರನ್ನು ಹಾಫ್ ಕ್ಲಚ್ಚಿನಲ್ಲಿ ಹಿಡಿದು ನಿಲ್ಲಿಸುತ್ತೇವೆ. ಕಾರು ಅಲುಗಾಡದೆ ನಿಂತಿರುತ್ತದೆ, ಆದರೆ ಒಳಗೆ ಎಂಜಿನ್ನಿನ ತುದಿಯ ಚಕ್ರ, ಅಂದರೆ ಫ್ಲೈವೀಲ್, ತಿರುಗುತ್ತಾ ಪ್ಲೇಟನ್ನು ತೇಯುತ್ತಿರುತ್ತದೆ. ದಣಪೆಯ ಮೂರು ಗಳ ಸರಿಸುವ ಹೊತ್ತಿಗೆ ಅರ್ಧ ನಿಮಿಷ ಆಯಿತು. ದಿನಕ್ಕೆ ನಾಲ್ಕು ಸಲ ಅಂತ ಲೆಕ್ಕ ಹಾಕಿ. ಸುಟ್ಟ ಕ್ಲಚ್ ಪ್ಲೇಟ್ ಇಳಿಸಿದಾಗ ಅದರ ಮೈ ಕಪ್ಪಾಗಿ ಗಾಜಿನ ಹಾಗೆ ಹೊಳೆಯುತ್ತಿರುತ್ತದೆ, ರಿವೆಟ್ ತಲೆಗಳು ಮೇಲೆ ಬಂದಿರುತ್ತವೆ. ಆ ರಿವೆಟ್ ಫ್ಲೈವೀಲನ್ನೂ ಗೀರಿದ್ದರೆ ಖರ್ಚು ಇನ್ನೂ ಏರುತ್ತದೆ.

ಏರಿನಲ್ಲಿ ನಿಲ್ಲಿಸಲು ಇರುವುದು ಹ್ಯಾಂಡ್‌ಬ್ರೇಕ್. ಎಳೆಯಿರಿ, ಗೇರ್ ನ್ಯೂಟ್ರಲ್ ಮಾಡಿ, ಕಾಲು ತೆಗೆಯಿರಿ. ಹೊರಡುವಾಗ ಕ್ಲಚ್ ಹಿಡಿದು ಕಾರಿನ ಮೂತಿ ಸ್ವಲ್ಪ ಎದ್ದ ಮೇಲೆ ಹ್ಯಾಂಡ್‌ಬ್ರೇಕ್ ಬಿಡಿ. ಒಂದು ವಾರದಲ್ಲಿ ರೂಢಿ ಆಗುತ್ತದೆ.

ಅರಬೈಲಿನಲ್ಲಿ ಲೋಡ್ ಲಾರಿಯ ಹಿಂದೆ ಸಿಕ್ಕಿಕೊಂಡಾಗಲೂ ಇದೇ ಕಥೆ. ಲಾರಿಗೆ ಅಂಟಿಕೊಂಡು ಇಂಚಿಂಚು ಹೋಗಬೇಡಿ. ಅದು ಇಪ್ಪತ್ತು ಮೂವತ್ತು ಮೀಟರ್ ಮುಂದೆ ಹೋಗಲಿ. ಆಮೇಲೆ ಒಂದನೇ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟು ಹೋಗಿ ನಿಲ್ಲಿ. ನಡುವೆ ಯಾರಾದರೂ ನುಗ್ಗಿದರೆ ನುಗ್ಗಲಿ. ಅವರ ಪ್ಲೇಟ್ ಸವೆಯುತ್ತದೆ, ನಿಮ್ಮದಲ್ಲ.

ಓಡಿಸುವಾಗ ಕ್ಲಚ್ ಮೇಲೆ ಸುಮ್ನೆ ಕಾಲು ಇಟ್ಟುಕೊಳ್ಳುವುದು, ಗೇರ್ ಲಿವರ್ ಮೇಲೆ ಕೈ ಊರುವುದು, ಎರಡೂ ಬೇಡ. ಮೊದಲನೆಯದು ರಿಲೀಸ್ ಬೇರಿಂಗನ್ನು ತಿನ್ನುತ್ತದೆ, ಎರಡನೆಯದು ಒಳಗೆ ಗೇರನ್ನು ಸರಿಸುವ ಸೆಲೆಕ್ಟರ್ ಫೋರ್ಕನ್ನು.

ಘಟ್ಟ ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತದಲ್ಲ?

ಉಳಿಯುವುದಿಲ್ಲ. ಈಗಿನ ಇಂಜೆಕ್ಷನ್ ಎಂಜಿನ್‌ಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನವನ್ನೇ ನಿಲ್ಲಿಸುತ್ತವೆ. ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್ ಹಾಕಿದರೆ ಎಂಜಿನ್ ಬಂದ್ ಆಗದಿರಲು ಇಂಧನ ಉರಿಸಲೇಬೇಕು.

ಅದಕ್ಕಿಂತ ದೊಡ್ಡ ಮಾತು ಬ್ರೇಕಿನದು. ನ್ಯೂಟ್ರಲ್‌ನಲ್ಲಿ ಕಾರನ್ನು ಹಿಡಿಯಲು ಬ್ರೇಕ್ ಒಂದೇ ಉಳಿಯುತ್ತದೆ. ರಾಗಿಹೊಸಳ್ಳಿ ದಾಟಿ ಕತಗಾಲದವರೆಗೆ ಬ್ರೇಕ್ ಒತ್ತುತ್ತಲೇ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಹತ್ತಲು ಯಾವ ಗೇರ್ ಬೇಕಿತ್ತೋ ಇಳಿಯಲೂ ಅದೇ ಗೇರ್. ನಮ್ಮ ಹಳೇ ಬಸ್ ಡ್ರೈವರುಗಳು ಹೇಳುತ್ತಿದ್ದ ಮಾತು ಇದು, ಇಂದಿಗೂ ಇದಕ್ಕಿಂತ ಒಳ್ಳೆಯ ಮಾತು ನನಗೆ ಸಿಕ್ಕಿಲ್ಲ.

ಗೇರ್ ಆಯಿಲ್ ಬದಲಿಸಬೇಕಾ? ಸರ್ವೀಸಿನಲ್ಲಿ ಯಾರೂ ಹೇಳಲೇ ಇಲ್ಲ.

ಬದಲಿಸಬೇಕು. ಎಂಜಿನ್ ಆಯಿಲ್ ಪ್ರತಿ ಸರ್ವೀಸಿಗೂ ಬದಲಾಗುತ್ತದೆ, ಗೇರ್ ಆಯಿಲನ್ನು ಎಲ್ಲರೂ ಮರೆಯುತ್ತಾರೆ. ನಿಮ್ಮ ಕಾರಿನ ಪುಸ್ತಕದಲ್ಲಿ ಎಷ್ಟಕ್ಕೆ ಅಂತ ಬರೆದಿರುತ್ತದೆ. ನಮ್ಮ ಏರಿಳಿತದ ರಸ್ತೆಗೆ 40,000ದಿಂದ 50,000 ಕಿಲೋಮೀಟರಿಗೊಮ್ಮೆ ಬದಲಿಸುವುದು ಒಳ್ಳೆಯದು ಅಂತ ನಾನು ಹೇಳುತ್ತೇನೆ. ಸಣ್ಣ ಕಾರಿಗೆ ಹಿಡಿಯುವುದು ಸುಮಾರು ಎರಡು ಲೀಟರ್. ಅದನ್ನು ಉಳಿಸಲು ಹೋಗಿ ಗೇರ್‌ಬಾಕ್ಸ್ ಕಳೆದುಕೊಳ್ಳಬೇಡಿ.

ಯಾವ ಆಯಿಲ್ ಅನ್ನುವುದರಲ್ಲಿ ರಾಜಿ ಬೇಡ. ಆಯಿಲಿನ ದಪ್ಪದ ನಂಬರು ಪುಸ್ತಕದಲ್ಲಿ 75ಡಬ್ಲ್ಯೂ-80 ಅಂದರೆ ಅದೇ, 75ಡಬ್ಲ್ಯೂ-90 ಅಂದರೆ ಅದೇ. ಆಯಿಲಿನ ದರ್ಜೆ ಜಿಎಲ್-4 ಅಂತ ಇದ್ದಲ್ಲಿ "ಜಿಎಲ್-5 ಇನ್ನೂ ಮೇಲಿನದು, ಹಾಕ್ಕೊಳ್ಳಿ" ಅಂತ ಅಂಗಡಿಯವರು ಕೊಟ್ಟರೆ ಬೇಡ ಅನ್ನಿ. ಜಿಎಲ್-5ರಲ್ಲಿ ಗಂಧಕ, ರಂಜಕದ ಸೇರ್ಪಡೆ ಜಾಸ್ತಿ. ಹಿಂದಿನ ಆಕ್ಸಲಿಗೆ ಅದು ಬೇಕು, ಆದರೆ ಹಿತ್ತಾಳೆಯ ಸಿಂಕ್ರೊ ರಿಂಗನ್ನು ಅದು ತಿನ್ನಬಹುದು.

ಬದಲಿಸುವಾಗ ಪಕ್ಕದಲ್ಲಿ ನಿಂತು ನೋಡಿ. ಮೊದಲು ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚಬೇಕು, ಆಮೇಲೆ ಕೆಳಗಿನ ಡ್ರೇನ್ ಬೋಲ್ಟ್. ಮೇಲಿನದು ತುಕ್ಕು ಹಿಡಿದು ಬಿಚ್ಚದಿದ್ದರೆ ಹೊಸ ಆಯಿಲ್ ತುಂಬಿಸುವುದೆಲ್ಲಿಂದ? ಆಯಿಲ್ ಬಿಸಿ ಇರುವಾಗ ಇಳಿಸಿದರೆ ಕೊಳೆಯೂ ಜೊತೆಗೆ ಬರುತ್ತದೆ. ಹಲವು ಕಾರುಗಳ ಡ್ರೇನ್ ಬೋಲ್ಟಿಗೆ ಅಯಸ್ಕಾಂತ ಇರುತ್ತದೆ. ಅದರ ತುದಿಯಲ್ಲಿ ಕಲಸಿದ ವಿಭೂತಿಯ ಹಾಗೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಅದು ಸಹಜ ಸವೆತ. ಬೆರಳಿನಲ್ಲಿ ತಿಕ್ಕಿ ನೋಡಿ. ಅಕ್ಕಿ ನುಚ್ಚಿನಷ್ಟು ತುಂಡು ಕೈಗೆ ಚುಚ್ಚಿದರೆ ಹಲ್ಲೋ ಬೇರಿಂಗೋ ಒಡೆಯುತ್ತಿದೆ. ಆಗ ಹೊಸ ಆಯಿಲ್ ತುಂಬಿ ಕಳಿಸುವುದಲ್ಲ, ಬಿಚ್ಚಿ ನೋಡುವುದೇ ಸರಿ.

ಆಯಿಲ್ ಕಡಿಮೆಯಾದರೆ ನಿಜಕ್ಕೂ ಅಷ್ಟು ಹಾನಿಯಾ?

ಒಂದು ಕಾರಿನ ವಿಷಯ ಹೇಳುತ್ತೇನೆ. ಬೇರೆ ಊರಿನಲ್ಲಿ ಡ್ರೈವ್ ಶಾಫ್ಟಿನ (ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ದಂಡದ) ಸೀಲ್ ಹಾಕಿಸಿಕೊಂಡು ಬಂದಿತ್ತು. ಶಾಫ್ಟ್ ಎಳೆದಾಗ ಗೇರ್ ಆಯಿಲ್ ಸುರಿದುಹೋಗುತ್ತದೆ. ಅದನ್ನು ಮತ್ತೆ ತುಂಬಿಸಿರಲಿಲ್ಲ, ಮೇಲೆ ಸ್ವಲ್ಪ ಹಾಕಿದ್ದರೋ ಏನೋ. ಮನೆಯವರು ಹೆದ್ದಾರಿಯಲ್ಲಿ ಐದನೇ ಗೇರಿನಲ್ಲಿ ಓಡಿಸಿಕೊಂಡು ಬಂದಿದ್ದಾರೆ. ಸದ್ದು ಶುರುವಾದಾಗ ಮನೆ ಹತ್ತಿರ ಬಂತಲ್ಲ ಅಂತ ಬಿಟ್ಟಿದ್ದಾರೆ.

ಬಿಚ್ಚಿದಾಗ ಒಳಗಿನ ಗೇರುಗಳು ಮಿಂಚುತ್ತಿದ್ದವು, ಐದನೆಯದು ಮಾತ್ರ ಸುಟ್ಟು ನೀಲಿ ಬಣ್ಣಕ್ಕೆ ತಿರುಗಿತ್ತು. ಹಲವು ಸಣ್ಣ ಕಾರುಗಳಲ್ಲಿ ಐದನೇ ಗೇರ್ ತುದಿಯ ಮುಚ್ಚಳದೊಳಗೆ ಬೇರೆಯಾಗಿ ಕೂತಿರುತ್ತದೆ. ಆಯಿಲ್ ಮಟ್ಟ ಇಳಿದರೆ ಮೊದಲು ಒಣಗುವುದು ಅದೇ. ಹಲ್ಲುಗಳ ಅಂಚು ಮೇಣದ ಹಾಗೆ ಮಡಚಿಕೊಂಡಿತ್ತು. ಹಾಗಾಗಿ ಡ್ರೈವ್ ಶಾಫ್ಟ್ ಬಿಚ್ಚುವ ಯಾವ ಕೆಲಸ ಆದರೂ "ಗೇರ್ ಆಯಿಲ್ ಮಟ್ಟ ನೋಡಿದ್ರಾ?" ಅಂತ ಕೇಳಿ. ಕಾರು ಸಮತಟ್ಟಾಗಿ ನಿಂತಿರುವಾಗ ಫಿಲ್ಲರ್ ತೂತಿನ ಕೆಳ ಅಂಚಿಗೆ ಆಯಿಲ್ ತಾಗಬೇಕು. ಹೆಚ್ಚಿನ ಕಾರುಗಳಿಗೆ ಅದೇ ಸರಿಯಾದ ಮಟ್ಟ.

ಪಾರ್ಕ್ ಮಾಡಿದ ಜಾಗದಲ್ಲಿ ಎಣ್ಣೆ ಹನಿ ಬೀಳುತ್ತಿದೆ. ಎಲ್ಲಿಂದ?

ರಾತ್ರಿ ಕಾರಿನ ಕೆಳಗೆ ಹಳೇ ರಟ್ಟು ಹಾಸಿ. ಬೆಳಿಗ್ಗೆ ಬಣ್ಣ, ವಾಸನೆ ನೋಡಿ. ಗೇರ್ ಆಯಿಲ್ ದಪ್ಪ, ಗಂಧಕದ ಘಾಟು ಇರುತ್ತದೆ. ಒಂದು ಸಲ ಮೂಗಿಗೆ ಬಡಿದರೆ ಮರೆಯುವುದಿಲ್ಲ. ಎಂಜಿನ್ ಆಯಿಲ್ ಕಪ್ಪು. ಎಸಿ ನೀರು ಬರೀ ನೀರು. ಗೇರ್ ಆಯಿಲ್ ಮುಂದಿನ ಚಕ್ರದ ಒಳಬದಿಗೆ ಬೀಳುತ್ತಿದ್ದರೆ ಆಕ್ಸಲ್ ಸೀಲ್. ಸೋರಿಕೆ ನಿಲ್ಲಿಸುತ್ತೇವೆ ಅನ್ನುವ ಬಾಟಲಿಗಳನ್ನು ಗೇರ್‌ಬಾಕ್ಸಿಗೆ ಸುರಿಯಬೇಡಿ. ಸೀಲಿಗೆ ಅಷ್ಟೇನೂ ದುಡ್ಡಾಗುವುದಿಲ್ಲ.

ತಿರುಗಿಸುವಾಗ ಟಕ್ ಟಕ್ ಅನ್ನುತ್ತದೆ. ಇದೂ ಗೇರ್‌ಬಾಕ್ಸಾ?

ಅಲ್ಲ, ಅದರ ಪಕ್ಕದವರು. ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟಿನ ತುದಿಯ ಜಾಯಿಂಟ್. ಅದರ ಮೇಲೆ ರಬ್ಬರಿನ ಬೂಟ್ ಇರುತ್ತದೆ, ಒಳಗೆ ಗ್ರೀಸ್. ಬೂಟ್ ಹರಿದರೆ ಗ್ರೀಸ್ ಹೊರಗೆ, ನಮ್ಮ ಕೆಂಪು ಮಣ್ಣು ಒಳಗೆ. ಹರಿದ ಕೂಡಲೇ ಬೂಟ್ ಮಾತ್ರ ಬದಲಿಸಿದರೆ ಜಾಯಿಂಟ್ ಉಳಿಯುತ್ತದೆ. ಟಕ್ ಟಕ್ ಶುರುವಾದ ಮೇಲೆ ಜಾಯಿಂಟೇ ಬೇಕು. ಮಳೆಗಾಲ ಮುಗಿದ ಮೇಲೆ ಒಮ್ಮೆ ಕಾರನ್ನು ರ‍್ಯಾಂಪಿಗೆ ಹತ್ತಿಸಿ ಬೂಟ್ ನೋಡಿಸುವುದು ಅಭ್ಯಾಸ ಮಾಡಿಕೊಳ್ಳಿ.

ನೆರೆ ನೀರಿನಲ್ಲಿ ಕಾರು ನಿಂತಿತ್ತು. ಗೇರ್‌ಬಾಕ್ಸಿಗೂ ನೀರು ಹೋಗುತ್ತದಾ?

ಹೋಗುತ್ತದೆ. 2019 ಮತ್ತು 2021ರ ನೆರೆಯಲ್ಲಿ ಗಂಗಾವಳಿ, ಕಾಳಿ ದಂಡೆಯವರು ಇದನ್ನು ಕಂಡಿದ್ದಾರೆ. ಗೇರ್‌ಬಾಕ್ಸ್ ಮೇಲೆ ಉಸಿರಾಡಲು ಒಂದು ಸಣ್ಣ ಬ್ರೀದರ್ ಕೊಳವೆ ಇರುತ್ತದೆ. ಬಿಸಿ ಗೇರ್‌ಬಾಕ್ಸ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಆ ಕೊಳವೆಯಿಂದಲೋ ಸೀಲುಗಳಿಂದಲೋ ನೀರನ್ನು ಎಳೆದುಕೊಳ್ಳುತ್ತದೆ.

ಅಂಥ ಕಾರನ್ನು ಚಾಲೂ ಮಾಡಲೇಬೇಡಿ. ಬ್ಯಾಟರಿ ಕಳಚಿ. ಡ್ರೇನ್ ಬೋಲ್ಟ್ ಬಿಚ್ಚಿ ನೋಡಿದಾಗ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಹೊಸ ಆಯಿಲ್ ಹಾಕಿ, ಸ್ವಲ್ಪ ದೂರ ಓಡಿಸಿ, ಅದನ್ನೂ ತೆಗೆದು ಮತ್ತೆ ಹೊಸದು ಹಾಕಬೇಕು. ಬಣ್ಣ ಸರಿಯಾಗುವವರೆಗೆ ಬಿಡಬೇಡಿ. ಬೇರಿಂಗಿಗೆ ತುಕ್ಕು ಹತ್ತಿದರೆ ಎರಡು ತಿಂಗಳ ಮೇಲೆ ಸದ್ದು ಬರುತ್ತದೆ, ಆಗ ನೆರೆ ನೆನಪೇ ಇರುವುದಿಲ್ಲ.

ಎಳೆದು ತರುವಾಗ ಮುಂದಿನ ಚಕ್ರ ಎತ್ತಿಸಿ. ಆಟೊಮ್ಯಾಟಿಕ್ ಕಾರಿನಲ್ಲಂತೂ ಎಂಜಿನ್ನಿನಿಂದ ತಿರುಗುವ ಚಕ್ರಗಳು ನೆಲ ಮುಟ್ಟಬಾರದು.

ವಿದೇಶದಲ್ಲಿದ್ದೇವೆ, ಕಾರು ತಿಂಗಳುಗಟ್ಟಲೆ ಮನೆಯಲ್ಲೇ ನಿಂತಿರುತ್ತದೆ. ತೊಂದರೆಯಾ?

ಭಟ್ಕಳದಿಂದ, ಕಾರವಾರದಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಕರಾವಳಿಯ ಉಪ್ಪು ಗಾಳಿ, ಮೇಲೆ ನಾಲ್ಕು ತಿಂಗಳ ಮಳೆ. ಕ್ಲಚ್ ಪ್ಲೇಟ್ ತುಕ್ಕಿನಿಂದ ಫ್ಲೈವೀಲಿಗೆ ಅಂಟಿಕೊಳ್ಳುತ್ತದೆ. ರಜೆಗೆ ಬಂದು ಚಾಲೂ ಮಾಡಿದರೆ ಪೆಡಲ್ ಒತ್ತಿದರೂ ಯಾವ ಗೇರೂ ಬೀಳುವುದಿಲ್ಲ. ಗೇರ್‌ಬಾಕ್ಸ್ ಹೋಯಿತು ಅಂತ ಹೆದರುತ್ತಾರೆ. ಹೆಚ್ಚಿನ ಸಲ ಹೋಗಿರುವುದಿಲ್ಲ. ಗೊತ್ತಿರುವ ಮೆಕ್ಯಾನಿಕ್ ಖಾಲಿ ಜಾಗದಲ್ಲಿ ಎಂಜಿನ್ ಬಿಸಿ ಮಾಡಿ, ಗೇರಿನಲ್ಲೇ ಸ್ಟಾರ್ಟ್ ಮಾಡಿ, ಕ್ಲಚ್ ಒತ್ತಿ ಹಿಡಿದು ಬಿಡಿಸುತ್ತಾರೆ. ನೀವೇ ಅಂಗಳದಲ್ಲಿ ಮಾಡಲು ಹೋಗಬೇಡಿ, ಕಾರು ಜಿಗಿಯುತ್ತದೆ.

ಮನೆಯಲ್ಲಿರುವ ತಮ್ಮನಿಗೋ ಅಳಿಯನಿಗೋ ಹೇಳಿಟ್ಟು, ವಾರಕ್ಕೊಮ್ಮೆ ಕಾಲು ಗಂಟೆ ಓಡಿಸಲು ಹೇಳಿ. ಬರೀ ಸ್ಟಾರ್ಟ್ ಮಾಡಿ ನಿಲ್ಲಿಸಿದರೆ ಸಾಲದು. ಗೇರುಗಳು ತಿರುಗಬೇಕು, ಕ್ಲಚ್ ಹತ್ತಾರು ಸಲ ಆಡಬೇಕು.

ಕ್ಲಚ್ ಪೆಡಲ್ ಮೆತ್ತಗಾಗಿದೆ, ಒಮ್ಮೊಮ್ಮೆ ಕೆಳಗೇ ಉಳಿಯುತ್ತದೆ.

ಹೈಡ್ರಾಲಿಕ್ ಕ್ಲಚ್ ಆದರೆ ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರ್ ಅಥವಾ ಗೇರ್‌ಬಾಕ್ಸ್ ಕಡೆಯ ಸ್ಲೇವ್ ಸಿಲಿಂಡರ್ ಸೋರುತ್ತಿದೆ. ಬಹಳಷ್ಟು ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಫ್ಲೂಯಿಡ್ ಡಬ್ಬಿ ಒಂದೇ, ಹಾಗಾಗಿ ಇದನ್ನು ನಾಳೆಗೆ ಇಡಬೇಡಿ. ಈ ಡಬ್ಬಿಗೆ ಹಾಕುವ ಡಾಟ್-3, ಡಾಟ್-4 ಫ್ಲೂಯಿಡ್ ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಮಳೆಗಾಲಕ್ಕೆ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಅಗತ್ಯ. ಕೇಬಲ್ ಕ್ಲಚ್ ಆದರೆ ಪೆಡಲ್ ಗಟ್ಟಿಯಾಗುವುದು ಕೇಬಲ್ ಒಳಗೆ ತುಕ್ಕು ಹತ್ತಿದ ಗುರುತು. ಅದು ಕಡಿಯುವ ಮೊದಲೇ ಬದಲಿಸಿ.

ಕ್ಲಚ್ ಬದಲಿಸುವಾಗ ಪ್ಲೇಟ್ ಮಾತ್ರ ಹಾಕಿದರೆ ಸಾಕಾಗುವುದಿಲ್ವಾ?

ಗೇರ್‌ಬಾಕ್ಸ್ ಇಳಿಸುವುದೇ ದೊಡ್ಡ ಕೆಲಸ, ಕೂಲಿ ಅದಕ್ಕೇ ಆಗುವುದು. ಇಳಿಸಿದ ಮೇಲೆ ಪ್ಲೇಟ್, ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಹಾಕಿಸಿ. ಎಂಜಿನ್ ಹಿಂದಿನ ಸೀಲ್ ತೇವವಾಗಿದ್ದರೆ ಅದನ್ನೂ. ಇಲ್ಲದಿದ್ದರೆ ಆ ಎಣ್ಣೆ ಹೊಸ ಪ್ಲೇಟಿನ ಮೇಲೆ ಬಿದ್ದು ಮತ್ತೆ ಜಾರುತ್ತದೆ. ಬೇರಿಂಗ್ ಉಳಿಸಲು ಹೋಗಿ ಆರು ತಿಂಗಳಿಗೆ ಮತ್ತೆ ಗೇರ್‌ಬಾಕ್ಸ್ ಇಳಿಸಿದವರಿದ್ದಾರೆ. ತೆಗೆದ ಹಳೇ ಸಾಮಾನು ಕೇಳಿ ನೋಡಿ, ಅದು ನಿಮ್ಮ ಹಕ್ಕು. ಹೊಸ ಕ್ಲಚ್ ಹಾಕಿದ ಮೊದಲ 500 ಕಿಲೋಮೀಟರ್ ಮೆತ್ತಗೆ ಓಡಿಸಿ.

ಎಎಂಟಿ ಕಾರಿಗೆ ಕ್ಲಚ್ಚೇ ಇಲ್ಲವಲ್ಲ, ಅದಕ್ಕೂ ಇದೆಲ್ಲ ಬೇಕಾ?

ಪೆಡಲ್ ಇಲ್ಲ, ಕ್ಲಚ್ ಇದೆ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ನಮ್ಮ ದೇಶದಲ್ಲಿ ಮನೆಮಾತಾದ ಎಎಂಟಿ ಅಂದರೆ ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಹಾಕುವ ಕೆಲಸವನ್ನು ಆಕ್ಚುಯೇಟರ್ ಮಾಡುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಹಿಡಿದು ಕಾರನ್ನು ನಿಲ್ಲಿಸಿದರೆ ಇದರ ಪ್ಲೇಟೂ ಸುಡುತ್ತದೆ. ಬ್ರೇಕ್ ಬಳಸಿ. ಘಟ್ಟದಲ್ಲಿ ಮ್ಯಾನುಯಲ್ ಮೋಡಿಗೆ ಹಾಕಿಕೊಂಡರೆ ಅದು ಗೇರ್ ಹುಡುಕುತ್ತಾ ಒದ್ದಾಡುವುದು ತಪ್ಪುತ್ತದೆ. ಕ್ಲಚ್ ಬದಲಿಸಿದ ಮೇಲೆ ಸ್ಕ್ಯಾನರ್ ಹಾಕಿ ಹೊಸ ಕ್ಲಚ್ಚಿನ ಹಿಡಿತವನ್ನು ಕಾರಿನ ಕಂಪ್ಯೂಟರಿಗೆ ಕಲಿಸಬೇಕು. ಸ್ಕ್ಯಾನರ್ ಇಲ್ಲದ ಕಡೆ ಈ ಕೆಲಸ ಕೊಡಬೇಡಿ.

ಸಿವಿಟಿ, ಟಾರ್ಕ್ ಕನ್ವರ್ಟರ್ ಅನ್ನುವ ಆಟೊಮ್ಯಾಟಿಕ್ ಗೇರ್‌ಬಾಕ್ಸುಗಳು ಬೇರೆಯೇ ಜಾತಿ. ಅವುಗಳ ಫ್ಲೂಯಿಡ್ ಬೇರೆ, ಅದಲುಬದಲಾದರೆ ಗೇರ್‌ಬಾಕ್ಸ್ ಹಾಳಾಗುತ್ತದೆ. ಆ ಕೆಲಸಕ್ಕೆ ಹುಬ್ಬಳ್ಳಿಗೆ ಹೋಗಿ ಅಂತ ನಾನೇ ಹೇಳುತ್ತೇನೆ.

ಘಟ್ಟದ ಮಧ್ಯೆ ಕ್ಲಚ್ ಕೇಬಲ್ ಕಡಿದರೆ ಏನು ಮಾಡುವುದು?

ದೇವಿಮನೆಯಲ್ಲಿ ಮೊಬೈಲ್ ಸಿಗದ ಜಾಗಗಳಿವೆ. ಮೊದಲು ತಿರುವು ಬಿಟ್ಟು ಅಗಲ ಇರುವ ಕಡೆ ಬದಿಗೆ ಹಾಕಿ. ಇಂಡಿಕೇಟರ್ ನಾಲ್ಕೂ ಉರಿಯಲಿ. ಹ್ಯಾಂಡ್‌ಬ್ರೇಕ್ ಎಳೆದು, ಒಂದನೇ ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ರಾತ್ರಿ ಹೊತ್ತು, ಮಳೆ, ಹಿಂದೆ ವಾಹನಗಳ ಸಾಲು ಇದ್ದರೆ ಅಲ್ಲೇ ಇರಿ, ದಾಟುವವರ ಹತ್ತಿರ ಹೇಳಿ ಕಳಿಸಿ.

ರಸ್ತೆ ಖಾಲಿ ಇದ್ದು, ಕೈ ಪಳಗಿದ್ದರೆ ಕ್ಲಚ್ ಇಲ್ಲದೆಯೂ ಊರು ಮುಟ್ಟಬಹುದು. ಎಂಜಿನ್ ಬಂದ್ ಇರುವಾಗಲೇ ಒಂದನೇ ಗೇರ್ ಹಾಕಿ. ಕೆಲವು ಕಾರುಗಳು ಪೆಡಲ್ ಒತ್ತದೆ ಸ್ಟಾರ್ಟ್ ಆಗುವುದಿಲ್ಲ, ಹಾಗಾಗಿ ಸಡಿಲವಾದ ಪೆಡಲನ್ನೇ ಒತ್ತಿಕೊಂಡು ಕೀ ತಿರುಗಿಸಿ. ಕಾರು ಕುಕ್ಕುತ್ತಾ ಹೊರಡುತ್ತದೆ. ಎರಡಕ್ಕೆ ಹಾಕಬೇಕೆಂದರೆ ಆಕ್ಸಿಲರೇಟರ್ ಬಿಟ್ಟು, ಲಿವರನ್ನು ನ್ಯೂಟ್ರಲಿಗೆ ಎಳೆದು, ಎಂಜಿನ್ ವೇಗ ಇಳಿಯುವಾಗ ಎರಡರ ಕಡೆ ಮೆತ್ತಗೆ ಒತ್ತಿ ಹಿಡಿಯಿರಿ. ವೇಗ ಹೊಂದಿದ ಕ್ಷಣ ತಾನೇ ಒಳಗೆ ಹೋಗುತ್ತದೆ. ಕರ್ರ್ ಅಂದರೆ ಒತ್ತಾಯ ಬೇಡ. ನಿಲ್ಲಬೇಕಾದರೆ ಬ್ರೇಕ್ ಒತ್ತಿ, ಎಂಜಿನ್ ಬಂದ್ ಬೀಳಲಿ. ಇಳಿಜಾರಿನಲ್ಲಿ ಎರಡನೇ ಗೇರಿಗಿಂತ ಮೇಲೆ ಹೋಗಬೇಡಿ.

ಹೊರಡುವ ಮೊದಲು ಚಕ್ರಕ್ಕೆ ಕೊಟ್ಟ ಕಲ್ಲನ್ನು ತೆಗೆದು ಚರಂಡಿಯ ಆಚೆಗೆ ಹಾಕಿ. ರಸ್ತೆಯಲ್ಲೇ ಬಿಟ್ಟುಹೋದ ಅಂಥ ಕಲ್ಲಿಗೆ ಬಡಿದು ಗೇರ್‌ಬಾಕ್ಸಿನ ಹೌಸಿಂಗ್ ಒಡೆದುಕೊಂಡ ಕಾರೊಂದು ಈಗಲೂ ನಮ್ಮ ಶೆಡ್ಡಿನಲ್ಲಿ ನಿಂತಿದೆ.